‘ಅಂತೆ’ ಎಂದರೆ ಹೊಣೆ ತೀರಿತೇ?

ಬೀದರ್ ನಗರದ ಪಕ್ಕದ ಅಷ್ಟೂರಿಗೆ ನೀವು ಹೋದರೆ ಬಹ್ಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಗುಮ್ಮಟ ಅರ್ಧ ಕುಸಿದ ಒಂದು ಗೋರಿಯನ್ನು ಕಾಣುವಿರಿ. ಅದು 1458ರಿಂದ 1461ರ ತನಕ ಆಳಿದ, ‘ಜಾಲಿಮ್’ ಎಂದು ಹೆಸರಾದ ಹುಮಾಯೂನ್ ಶಾಹನದು. ಗುಮ್ಮಟ ಒಡೆದಿದೆ. ಇದು ಕಣ್ಣಿಗೆ ಕಂಡದ್ದು. ಸಿಡಿಲು ಬಡಿದು ಒಡೆಯಿತಂತೆ. ಇದು ಕಿವಿಗೆ ಬಿದ್ದದ್ದು. ಅವನ ಕ್ರೌರ್ಯಕ್ಕಾಗಿ ಅಲ್ಲಾಹನ ಶಿಕ್ಷೆ ಎರಗಿರಬೇಕು. ಇದು ಊಹೆ. ಮೊದಲನೆಯ ಮಾತಿಗೆ ಕಣ್ಣು ಸಾಕ್ಷಿ, ಎರಡನೆಯದಕ್ಕೆ ಇನ್ನೊಬ್ಬರ ಬಾಯಿ ಸಾಕ್ಷಿ. ಮೂರನೆಯದಕ್ಕೆ ಯಾರಿದ್ದಾರೆ? ಅದೃಶ್ಯದ ಜ್ಞಾನ ಅಲ್ಲಾಹನಿಗೆ ಮಾತ್ರ ಸೇರಿದ್ದು.

ಈ ವ್ಯತ್ಯಾಸವನ್ನು ಕನ್ನಡವು ಕ್ರಿಯಾಪದದ ತುದಿಯಲ್ಲೇ ಇಟ್ಟುಕೊಂಡಿದೆ: ಬಂದ, ಬಂದನಂತೆ, ಬಂದಿರಬೇಕು. ನಮ್ಮ ಮನೆಗಳ ದಖ್ಖನಿಯಲ್ಲೂ ‘ಆಯಾ ಕತೆ’ ಎನ್ನುತ್ತೇವಷ್ಟೆ. ಅದು ಕನ್ನಡ, ತೆಲುಗುಗಳ ನೆರೆಹೊರೆಯಲ್ಲಿ ಬಾಳಿದ್ದರ ಗುರುತು. ತುರ್ಕಿಯವರು ‘ಗೆಲ್ದಿ’ ಎಂದರೆ ಬಂದ, ‘ಗೆಲ್ಮಿಶ್’ ಎಂದರೆ ಬಂದನಂತೆ. ಈ ಎರಡು ರೂಪಗಳ ಅಂತರವನ್ನು ಮಹ್ಮೂದ್ ಅಲ್ ಕಾಶ್ಗರಿ 11ನೇ ಶತಮಾನದಲ್ಲೇ ತಮ್ಮ ನಿಘಂಟಿನಲ್ಲಿ ಬರೆದಿಟ್ಟರು.

ಅರಬಿ ಕ್ರಿಯಾಪದಕ್ಕೆ ಇಂಥ ಪ್ರತ್ಯಯವಿಲ್ಲ. ಆದರೆ ಹದೀಸ್ ವಿದ್ವಾಂಸರು ಆ ಕೊರತೆಯನ್ನು ಎಂಥ ಎಚ್ಚರದಿಂದ ತುಂಬಿದರೆಂದು ನೋಡಿರಿ. ‘ಸಮಿಅ್‌ತು’ ಎಂದರೆ ನಾನೇ ಕೇಳಿದೆ. ‘ಅನ್’ ಎಂದರೆ ಇಂಥವರಿಂದ ಎಂದಷ್ಟೇ; ನೇರವಾಗಿ ಕೇಳಿದರೋ, ನಡುವೆ ಇನ್ನೊಬ್ಬರಿದ್ದರೋ ಸ್ಪಷ್ಟವಿಲ್ಲ. ನಡುವಿನವರ ಹೆಸರನ್ನು ಮರೆಮಾಚುವ ಅಭ್ಯಾಸವಿದ್ದ ವರದಿಗಾರನು ‘ಅನ್’ ಎಂದರೆ ಅವರು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಅಂಥವನು ಸಾಮಾನ್ಯವಾಗಿ ತಾನೇ ಕೇಳಿದ್ದೆಂದು ಸ್ಪಷ್ಟವಾಗಿ ಹೇಳಬೇಕಿತ್ತು.

ಹಾಗಾದರೆ ಮಾತಿನ ಕೊನೆಗೆ ಒಂದು ‘ಅಂತೆ’ ಸೇರಿಸಿದರೆ ನಾವು ಪಾರಾದೆವೇ? ಮದುವೆ ಮನೆಯಲ್ಲಿ ಕುಳಿತು ಯಾರದೋ ಮಗಳ ಬಗ್ಗೆ ‘ಹಾಗಂತೆ, ಹೀಗಂತೆ’ ಎನ್ನುವವರು ಪಾರಾದೆವೆಂದೇ ಭಾವಿಸುತ್ತಾರೆ. ಆದರೆ ಹಝ್ರತ್ ಆಯಿಶಾ(ರ)ರ ಮೇಲೆ ಅಪವಾದ ಹೊರಿಸಲ್ಪಟ್ಟಾಗ, ಅದನ್ನು ಕಟ್ಟಿದವರನ್ನು ಮಾತ್ರವಲ್ಲ, ನಾಲಿಗೆಯಿಂದ ನಾಲಿಗೆಗೆ ದಾಟಿಸಿದವರನ್ನೂ ಅನ್ನೂರ್ ಅಧ್ಯಾಯ ತರಾಟೆಗೆ ತೆಗೆದುಕೊಂಡಿತು. ‘ಅಂತೆ’ ಮಾತಿನ ಮೂಲವನ್ನು ತಿಳಿಸುತ್ತದೆ, ಆಡಿದವನನ್ನು ಬಿಡಿಸುವುದಿಲ್ಲ. ಸುದ್ದಿ ಬಂದಾಗ ಪರಿಶೀಲಿಸಿರೆಂದು ಅಲ್‌ಹುಜುರಾತ್‌ನ 6ನೇ ಸೂಕ್ತ ಆದೇಶಿಸುತ್ತದೆ. ಅರಿಯದೆ ಒಂದು ಜನಾಂಗಕ್ಕೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪಪಡುವಂತಾಗಬಾರದು ಎಂಬ ಕಾರಣವನ್ನೂ ಅಲ್ಲೇ ಹೇಳಿದೆ.

ಆ ಕೇಡು ನಮ್ಮ ಜಿಲ್ಲೆಯಲ್ಲೇ ನಡೆಯಿತು. 2018ರ ಜುಲೈ 13ರಂದು, ಆಗ ಔರಾದ್ ತಾಲೂಕಿನಲ್ಲಿದ್ದ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಅವನ ಜೊತೆಗಿದ್ದವರು ಗಾಯಗೊಂಡರು. ಅವರು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅದು ಕಂಡ ಸಂಗತಿ. ಮಕ್ಕಳ ಕಳ್ಳರು ಎಂಬುದು ಊಹೆ. ವಾಟ್ಸ್‌ಆಪ್ ಅವರ ಕಾರಿಗಿಂತ ಬೇಗ ಮುಂದಿನ ಊರು ಮುಟ್ಟಿತ್ತು, ಅಷ್ಟರಲ್ಲಿ ‘ಇರಬೇಕು’ ಎಂಬುದು ಉದುರಿಹೋಗಿತ್ತು. ಅದಕ್ಕೆ ಕೆಲವೇ ದಿನಗಳ ಮುಂಚೆ, ಅದೇ ತಿಂಗಳಲ್ಲಿ, ಬೇರೆಡೆಯಿಂದ ಬಂದ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಆ ಕಂಪೆನಿ ಹಚ್ಚತೊಡಗಿತ್ತು. ಯಂತ್ರ ಹೇಳುವ ‘ಅಂತೆ’ ಅದು. ನಿನ್ನೆ ನಿಮ್ಮ ಫೋನಿನಿಂದ ಹೊರಟ ಸಂದೇಶಗಳಲ್ಲಿ ಆ ಗುರುತು ಎಷ್ಟರ ಮೇಲಿದೆ?