ಮಹಾಧ್ಯಕ್ಷನ ವಸ್ತ್ರದ ಕಲೆ

ದೊಡ್ಡಸ್ತಿಕೆಯು ಸೇವೆಯಲ್ಲಿಯೇ ಇರುವದೆಂದು ನಮ್ಮ ಕರ್ತನು ಕಲಿಸಿದ್ದನ್ನು ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಓದಿದ್ದೇವೆ. ಸಭಾಪಾಲಕನೇ ಇದನ್ನು ಮರೆತರೆ ಏನಾಗುವದೆಂದು ಪೂರ್ವಕಾಲದ ಒಂದು ಚರಿತ್ರೆಯಿಂದ ನೋಡೋಣ.

ಜರ್ಮನಿ ದೇಶದಲ್ಲಿ ರೈನ್ ನದೀತೀರದ ಕೊಲೋನ್ ಪಟ್ಟಣಕ್ಕೆ 1056ರಲ್ಲಿ ಆನ್ನೋ ಎಂಬವನು ಮಹಾಧ್ಯಕ್ಷನಾದನು. ಆ ಕಾಲದ ಮಹಾಧ್ಯಕ್ಷರು ಸಭೆಯನ್ನು ಮಾತ್ರವಲ್ಲದೆ ಭೂಮಿ, ಸುಂಕ, ದಂಡುಗಳನ್ನೂ ಆಳುತ್ತಿದ್ದರು. ಅದೇ ವರುಷ ಚಕ್ರವರ್ತಿಯು ತೀರಿಹೋಗಲು, ಎಳೆಯ ಮಗನಾದ ನಾಲ್ಕನೆಯ ಹೆನ್ರಿಗೋಸ್ಕರ ತಾಯಿಯಾದ ಆಗ್ನೆಸಳು ರಾಜ್ಯಭಾರ ನಡಿಸಿದಳು. 1062ರಲ್ಲಿ ಕೈಸರ್ಸ್‌ವೆರ್ತ್ ಎಂಬಲ್ಲಿ ಆನ್ನೋವು ಹನ್ನೊಂದು ವರುಷದ ಆ ಹುಡುಗನನ್ನು ಅಂದವಾದ ದೋಣಿಯನ್ನು ನೋಡುವದಕ್ಕೆ ಕರೆದು, ಅವನು ಹತ್ತಿದ ಕೂಡಲೇ ದೋಣಿಯನ್ನು ಸಾಗಿಸಿಬಿಟ್ಟನು. ಹುಡುಗನು ಹೆದರಿ ನೀರಿಗೆ ಹಾರಿದನು. ಎಕ್ಬರ್ಟ್ ಎಂಬ ಪ್ರಭುವು ಧುಮುಕಿ ಅವನನ್ನು ಉಳಿಸಿದನು. ಹೀಗೆ ತಾಯಿಯ ಕೈಯಿಂದ ಮಗನೂ ರಾಜ್ಯವೂ ಹೋದವು. ರೋಮಿನ ಪೀಠಕ್ಕೆ ಇಬ್ಬರು ಪೋಪರು ಹೋರಾಡುತ್ತಿರಲು, 1064ರ ಮಾಂತುವ ಸಭೆಯಲ್ಲಿ ಎರಡನೆಯ ಅಲೆಕ್ಸಾಂದರನು ಸ್ಥಿರಗೊಂಡದ್ದರಲ್ಲಿಯೂ ಆನ್ನೋವಿನ ಕೈಯಿತ್ತು.

ಅವನಲ್ಲಿ ಭಕ್ತಿಯೇ ಇರಲಿಲ್ಲವೆಂದು ನೆನಸಬೇಡಿರಿ. ಸೀಗ್‌ಬುರ್ಗದಲ್ಲಿ ಮಠವನ್ನು ಸ್ಥಾಪಿಸಿ ಸನ್ಯಾಸಿಗಳ ನಡತೆಯನ್ನು ತಿದ್ದಿದನು. ಆದರೆ ಅಧಿಕಾರದ ರುಚಿ ಬಿಡಲಿಲ್ಲ. 1074ರ ಪುನರುತ್ಥಾನದ ಹಬ್ಬದ ಕಾಲದಲ್ಲಿ, ಅವನ ಅತಿಥಿಯ ಪ್ರಯಾಣಕ್ಕೆಂದು ಆಳುಗಳು ಒಬ್ಬ ವರ್ತಕನ ದೋಣಿಯನ್ನು ಕಸಕೊಳ್ಳಲು, ಪಟ್ಟಣವೆಲ್ಲಾ ದಂಗೆಯೆದ್ದಿತು. ರಾತ್ರಿಯಲ್ಲಿ ತಪ್ಪಿಸಿಕೊಂಡ ಆನ್ನೋವು ದಂಡಿನೊಂದಿಗೆ ತಿರಿಗಿ ಬಂದನು. ಕೆಲವರ ಕಣ್ಣುಗಳನ್ನೂ ಕೀಳಿಸಿದರೆಂದು ಆ ಕಾಲದ ಚರಿತ್ರಕಾರನಾದ ಲಾಂಪೆರ್ಟನು ಬರೆದಿದ್ದಾನೆ. ಅನೇಕರು ಸಭೆಯಿಂದ ಬಹಿಷ್ಕೃತರಾದರು.

ಬಳಿಕ ಅವನಿಗೊಂದು ಕನಸಾಯಿತೆಂದು ಹೇಳುತ್ತಾರೆ. ಪರಲೋಕದಲ್ಲಿ ಅಧ್ಯಕ್ಷರು ಕೂತಿದ್ದರು; ಅವನ ಆಸನವೂ ಸಿದ್ಧವಾಗಿತ್ತು. ಆದರೆ ಅವನ ಎದೆಯ ಮೇಲೆ ವಸ್ತ್ರದಲ್ಲಿ ಕೊಳಕು ಕಲೆಯಿದ್ದದರಿಂದ ಕೂಡ್ರುವದಕ್ಕೆ ಅಪ್ಪಣೆಯಾಗಲಿಲ್ಲ. ಕೊಲೋನಿನವರ ಮೇಲಣ ದ್ವೇಷವೇ ಆ ಕಲೆ. ಆಗ ಅವನು ಅವರನ್ನು ಕ್ಷಮಿಸಿ ಸಭೆಗೆ ಸೇರಿಸಿಕೊಂಡನು. 1075ರ ದಶಂಬರ 4ರಲ್ಲಿ ತೀರಿಹೋದನು. 1183ರಲ್ಲಿ ರೋಮಿನ ಸಭೆಯು ಅವನನ್ನು ಪರಿಶುದ್ಧರ ಪಟ್ಟಿಯಲ್ಲಿ ಸೇರಿಸಿತು.

ನಾವು ಅವನಿಗೆ ಪ್ರಾರ್ಥಿಸುವವರಲ್ಲ, ಅವನಿಂದ ಕಲಿಯುವವರು. ನಮಗೆ ದಂಡೂ ಸುಂಕವೂ ಇಲ್ಲದಿದ್ದರೂ, ಉಪದೇಶಿಯ ಕುರ್ಚಿ, ಹಿರಿಯನ ಮಾತು, ಮನೆಯ ಯಜಮಾನಿಕೆ ಇವೆಯಲ್ಲವೇ? ಇವುಗಳ ಬಲದಿಂದ ಬಡವನ ದೋಣಿಯನ್ನು ನಾವೂ ಕಸಕೊಂಡಿದ್ದೇವೋ? ನೆರೆಯವನನ್ನು ಕ್ಷಮಿಸದೆ ಕರ್ತನ ಭೋಜನಕ್ಕೆ ಬಂದಿದ್ದೇವೋ? ಕ್ರಿಸ್ತನ ರಕ್ತವೊಂದೇ ಕಲೆಯನ್ನು ತೊಳೆಯುವದು. ಆದರೆ ತೊಳೆಯಲ್ಪಟ್ಟವನು ದ್ವೇಷವನ್ನು ಮಡಿಲಲ್ಲಿ ಇಟ್ಟುಕೊಳ್ಳಲಾರನು. ಕನಸಿಗಾಗಿ ಕಾಯದೆ ಇಂದೇ ಎದ್ದು ನೆರೆಯವನ ಬಾಗಿಲಿಗೆ ಹೋಗೋಣ. ಕರ್ತನು ಸಹಾಯ ಮಾಡಲಿ. ಆಮೆನ್.