ಕೊಳ್ಳುವವನು ಅನ್ಯನೇ?



ಧರ್ಮವೆಂಬುದು ಪೂಜೆಯ ಕೋಣೆಗೆ ಮತ್ತು ಪರ್ವದ ದಿನಗಳಿಗೆ ಮೀಸಲಾದ ವಿಷಯವೆಂದು ತಿಳಿದವರು ಇಂದಿಗೂ ಬಹಳ ಜನರಿದ್ದಾರೆ. ಬೆಳಿಗ್ಗೆ ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಯನ್ನು ಮುಗಿಸಿ ಹೊರಬಿದ್ದ ಮೇಲೆ, ಪೇಟೆಯಲ್ಲಿ ಆಡುವ ಮಾತಿಗೆ ಬೇರೆಯೇ ಒಂದು ನಿಯಮವಿದೆಯೆಂಬ ಭಾವನೆ ಅವರಲ್ಲಿ ಬೇರೂರಿದೆ. 'ಅದು ವ್ಯವಹಾರ' ಎಂಬ ಮಾತು ಎಷ್ಟೋ ಅಸತ್ಯಗಳಿಗೆ ಹೊದಿಕೆಯಾಗಿದೆ. ಶರಣರು ಇಂಥ ಎರಡು ಲೋಕಗಳನ್ನು ಒಪ್ಪಲಿಲ್ಲ. ಪಂಚಾಚಾರಗಳಲ್ಲಿ ಸದಾಚಾರಕ್ಕೆ ಸ್ಥಾನವಿತ್ತು, ಸತ್ಯಶುದ್ಧವಾದ ಕಾಯಕದಿಂದ ಗಳಿಸಿ ಬದುಕುವುದನ್ನೇ ಆಚಾರವೆಂದು ಅವರು ಸಾರಿದರು. ಆದುದರಿಂದ ಧರ್ಮದ ಪರೀಕ್ಷೆಯು ಒಂದು ಸಣ್ಣ ಕ್ರಯ-ವಿಕ್ರಯದಲ್ಲಿಯೂ ನಡೆಯುತ್ತದೆ. ಅಂಥ ಒಂದು ಪ್ರಸಂಗವನ್ನು ಈ ಸಲ ವಿಚಾರಕ್ಕೆ ಎತ್ತಿಕೊಳ್ಳೋಣ.

ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಯ ಮನೆ ಹಿಡಿದು ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ನವಲಗುಂದದ ಕಡೆಯ ಎರೆಹೊಲದ ಮನೆತನ. ತಂದೆಗೆ ಮೂತ್ರಪಿಂಡದ ಬೇನೆ. ವಾರಕ್ಕೆ ಎರಡು ಸಲ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಆದ್ದರಿಂದ ತಂದೆತಾಯಿಗಳನ್ನು ತನ್ನ ಬಳಿಗೇ ಕರೆತಂದಿದ್ದಾನೆ. 2018ರ ಅಕ್ಟೋಬರಿನಲ್ಲಿ ಸಂಚಾರ ಆರಂಭಿಸಿದ ಚಿಗರಿ ಬಸ್ಸುಗಳು ಹುಬ್ಬಳ್ಳಿ-ಧಾರವಾಡಗಳ ನಡುವಿನ ಸುಮಾರು 22 ಕಿಲೋಮೀಟರುಗಳ ದಾರಿಯನ್ನು ಸುಲಭಗೊಳಿಸಿವೆ, ನಿಜ. ಆದರೆ ಚಿಕಿತ್ಸೆ ಮುಗಿಸಿ ನಿತ್ರಾಣನಾದ ರೋಗಿಗೆ ನಿಲ್ದಾಣದಿಂದ ಮನೆಯವರೆಗಿನ ನಡಿಗೆಯೇ ಭಾರ. ಕಡಲೆ ಮಾರಿ ಬಂದ ಹಣದಲ್ಲಿ 80 ಸಾವಿರ ರೂಪಾಯಿಗಳನ್ನು ತೆಗೆದಿರಿಸಿ, ಹಳೆಯದೊಂದು ಕಾರು ಕೊಳ್ಳಲು ಹುಡುಗನು ನಿಶ್ಚಯಿಸುತ್ತಾನೆ.

ಇಲ್ಲಿ ಮೊದಲು ಏಳುವ ಪ್ರಶ್ನೆ, ಇದು ಅವಶ್ಯಕತೆಯೋ ಆಸೆಯೋ ಎಂಬುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಸುರಿದು ಬರುವಂತೆ ಹೇಳಿ ಹಿಂದಿರುಗಿಸಿದ ಕಥೆಯನ್ನು ಬಲ್ಲಿರಿ. ಆ ತಾಯಿ ಅಕ್ಕಿಯನ್ನು ಬೇಡವೆನ್ನಲಿಲ್ಲ. ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಮಾತ್ರ ಬೇಡವೆಂದಳು. ಗೆಳೆಯರ ಮುಂದೆ ಮೆರೆಯಲು ಸಾಲ ಮಾಡಿ ವಾಹನ ಕೊಳ್ಳುವವನಿಗೆ ಈ ಕಥೆಯು ಎಚ್ಚರಿಕೆ. ತಂದೆಯ ಸೇವೆಗಾಗಿ ಕೈಯಲ್ಲಿದ್ದಷ್ಟರಲ್ಲಿ ಕೊಳ್ಳುವವನಿಗೆ ಅದು ಅಡ್ಡಿಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಾತ್ರ ಆತನು ಮರೆಯಬಾರದು. ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿದರೆ ವಿಮೆ, ಹೆಸರು ಬದಲಾವಣೆ, ಬ್ಯಾಟರಿ, ಟೈರುಗಳಿಗೆ ಮತ್ತೆ ಸಾಲಗಾರನಾಗಬೇಕಾಗುತ್ತದೆ.

ಆದರೆ ನಿಜವಾದ ನೈತಿಕ ಸಮಸ್ಯೆಯು ಮುಂದಿದೆ. ಎತ್ತಿನ ಹಲ್ಲು ನೋಡಿ ತಂದೆಯು ಅದರ ವಯಸ್ಸನ್ನು ಹೇಳಬಲ್ಲ. ಸುಳಿ ನೋಡಿ, ನಡಿಗೆ ನೋಡಿ ಗುಣವನ್ನು ಅಳೆಯಬಲ್ಲ. ಮಗನಿಗಾದರೋ ಎಂಜಿನ್ನಿನ ಒಳಗು ಕಾಣದು. ಕಿಲೋಮೀಟರು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿರಬಹುದು. ಅಪಘಾತದಲ್ಲಿ ಸೊಟ್ಟಗಾದ ಭಾಗಕ್ಕೆ ಬೆಸುಗೆ ಹಾಕಿ ಬಣ್ಣ ಬಳಿದಿರಬಹುದು. ಹೊಗೆ ಕಾಣದಂತೆ ದಪ್ಪನೆಯ ಎಣ್ಣೆಯನ್ನು ತುಂಬಿರಬಹುದು. ಬ್ಯಾಂಕಿನ ಸಾಲ ತೀರದೆ ಇರಬಹುದು. ಇವುಗಳಲ್ಲಿ ಮೀಟರು ತಿರುಗಿಸುವುದು ನೇರವಾದ ಮೋಸವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಮಾರುವವನು ಯಾವ ಸುಳ್ಳನ್ನೂ ಹೇಳದೆ, ಬ್ರೇಕಿನ ದೋಷವನ್ನು ಬಲ್ಲವನಾಗಿಯೂ ಸುಮ್ಮನೆ ನಿಂತಿದ್ದರೆ? ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಕೊಡದಿರುವುದು ಪಾಪವೇ? ಇದೇ ಇಂದಿನ ನಮ್ಮ ಜಿಜ್ಞಾಸೆ.

ಈ ಪ್ರಶ್ನೆಯನ್ನು ನಮ್ಮ ದೇಶದ ಕಾನೂನು ಬಹಳ ಹಿಂದೆಯೇ ಎದುರಿಸಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ವಂಚನೆ ಎಂದರೇನೆಂಬುದನ್ನು ವಿವರಿಸುತ್ತ, ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲವೆಂದು ಹೇಳುತ್ತದೆ. ಅಲ್ಲಿ ಕೊಟ್ಟ ಉದಾಹರಣೆಗಳು ಮನನೀಯವಾಗಿವೆ. ಒಬ್ಬನು ತನ್ನ ಕುದುರೆಗೆ ರೋಗವಿರುವುದನ್ನು ಬಲ್ಲವನಾಗಿಯೂ ಏನೂ ಹೇಳದೆ ಹರಾಜಿನಲ್ಲಿ ಅದನ್ನು ಮತ್ತೊಬ್ಬನಿಗೆ ಮಾರುತ್ತಾನೆ, ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಸ್ವಂತ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಕುದುರೆಯ ದೋಷವನ್ನು ತಿಳಿಸುವುದು ಅವನ ಕರ್ತವ್ಯವಾಗುತ್ತದೆ. ಇನ್ನು ಕೊಳ್ಳುವವನು, "ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎಂದು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನವಾಗುತ್ತದೆ.

ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕುದುರೆ ಅದೇ, ರೋಗ ಅದೇ, ಮೌನವೂ ಅದೇ. ಬದಲಾದುದು ಕೊಳ್ಳುವವರ ಮತ್ತು ಮಾರುವವನ ಸಂಬಂಧ ಮಾತ್ರ. ಅನ್ಯನಾದರೆ ಸುಮ್ಮನಿರಬಹುದು, ಮಗಳಾದರೆ ಹೇಳಲೇಬೇಕು. ಕಾನೂನು ಮಾಡಿದವರನ್ನು ನಾವು ದೂರುತ್ತಿಲ್ಲ. ಎಲ್ಲ ಮೌನಗಳನ್ನೂ ಶಿಕ್ಷಿಸಹೊರಟರೆ ನ್ಯಾಯಾಲಯಗಳು ನಡೆಯಲಾರವು. ಆದರೆ ಕಾನೂನು ನಿಂತ ಸ್ಥಳದಲ್ಲಿಯೇ ಧರ್ಮವು ಕೇಳುತ್ತದೆ: ಈ ಅನ್ಯನೆಂಬವನು ಯಾರು?

ಈ ವಾದವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ರೋಮಿನ ಸಿಸಿರೊ ಎಂಬ ಪಂಡಿತನು ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಂಥದೇ ಚರ್ಚೆಯನ್ನು ಎತ್ತಿದ್ದಾನೆ. ಒಂದು ಮನೆಯು ಮಾರಾಟಕ್ಕಿದೆ. ಅದರ ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ, ಮರಮುಟ್ಟು ಶಿಥಿಲವಾಗಿದೆ. ಇದು ಒಡೆಯನಿಗಲ್ಲದೆ ಇತರರಿಗೆ ತಿಳಿಯದು. ಕೊಳ್ಳೆಂದು ಯಾರನ್ನೂ ಬಲಾತ್ಕರಿಸದಿರುವಾಗ ಮೌನದಲ್ಲಿ ತಪ್ಪಿಲ್ಲವೆಂಬುದು ಡಯೋಜಿನಿಸನೆಂಬ ತತ್ತ್ವಜ್ಞನ ಪಕ್ಷ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಹೀನವಾದುದೆಂಬುದು ಅವನ ಶಿಷ್ಯ ಆಂಟಿಪೇಟರನ ಪಕ್ಷ. ಸಿಸಿರೊ ಶಿಷ್ಯನ ಕಡೆಗೇ ತೀರ್ಪು ಕೊಟ್ಟಿದ್ದಾನೆ.

ಶರಣಧರ್ಮದ ಉತ್ತರವು ಇದಕ್ಕಿಂತಲೂ ಸರಳವಾಗಿದೆ. ಎಲ್ಲರ ಅಂತರಂಗದಲ್ಲಿಯೂ ಒಂದೇ ಶಿವಚೈತನ್ಯವನ್ನು ಕಾಣುವವನಿಗೆ ಅನ್ಯನೆಂಬವನೇ ಇಲ್ಲ. ಭೃತ್ಯಾಚಾರವು ನಮ್ಮನ್ನು ಎಲ್ಲರ ಸೇವಕರೆಂದು ತಿಳಿಯಹೇಳುತ್ತದೆ. ಸೇವಕನು ತನ್ನ ಒಡೆಯನನ್ನು ಬ್ರೇಕು ಕೆಟ್ಟ ವಾಹನದಲ್ಲಿ ಕೂಡ್ರಿಸಿ ಸುಮ್ಮನಿರಬಲ್ಲನೇ? ಕಾನೂನಿನಲ್ಲಿ ಮಗಳೊಬ್ಬಳಿಗೆ ದೊರೆತ ರಕ್ಷಣೆಯನ್ನು ಭಕ್ತನಾದವನು ತನ್ನ ಬಾಗಿಲಿಗೆ ಬಂದ ಪ್ರತಿಯೊಬ್ಬನಿಗೂ ಕೊಡಬೇಕಾಗುತ್ತದೆ. ಆ ಕಾರಿನ ಹಿಂದಿನ ಆಸನದಲ್ಲಿ ಕೂಡ್ರುವವನು ಒಬ್ಬ ರೋಗಿ ಎಂಬುದು ಮಾರುವವನಿಗೆ ತಿಳಿದಿರಲಿಕ್ಕಿಲ್ಲ. ತಿಳಿಯದಿದ್ದರೂ ಅಲ್ಲಿ ಯಾರೋ ಒಬ್ಬರು ಕೂಡ್ರುವರೆಂಬುದು ನಿಶ್ಚಯ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. "ಮಾರುವವನೂ ಬಡವನೇ. ದೋಷವನ್ನೆಲ್ಲ ಹೇಳುತ್ತ ಕುಳಿತರೆ ಅವನ ಕಾರನ್ನು ಯಾರು ಕೊಂಡಾರು? ಎಲ್ಲರೂ ಮುಚ್ಚಿಡುವ ಪೇಟೆಯಲ್ಲಿ ಅವನೊಬ್ಬನೇ ಏಕೆ ಹಾನಿ ಅನುಭವಿಸಬೇಕು?" ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಹೇಳಿದವನಿಗೆ ಹತ್ತು ಸಾವಿರ ಕಡಿಮೆ ಬರಬಹುದು. ಬಡವನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಆ ಹತ್ತು ಸಾವಿರವು ಕಾರಿನ ಬೆಲೆಯಲ್ಲ, ಕೊಳ್ಳುವವನ ಅಜ್ಞಾನದ ಬೆಲೆ ಎಂಬುದನ್ನು ಮನಗಾಣಬೇಕು. ಅದು ಕಾಯಕದಿಂದ ಬಂದುದಲ್ಲ. ಆ ಕೊರತೆಯ ಹಣವನ್ನು ಕಡಲೆ ಬೆಳೆದವನ ಮನೆಯು ಮೆಕ್ಯಾನಿಕ್ಕನಿಗೆ ತೆರುತ್ತದೆ.

ಮೇಲಾಗಿ, ಮೌನವು ಒಬ್ಬನನ್ನೇ ಕೆಡಿಸುವುದಿಲ್ಲ. ಅಮೇರಿಕೆಯ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದನು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಡೆದವರಲ್ಲಿ ಆತನೂ ಒಬ್ಬನು. ಅವನ ತರ್ಕವು ಹೀಗಿದೆ: ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದೆಂದು ತಿಳಿಯದ ಗಿರಾಕಿಯು ಎಲ್ಲ ಕಾರುಗಳಿಗೂ ನಡುವಿನದೊಂದು ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಕಾರಿನ ಒಡೆಯನಿಗೆ ಆ ಬೆಲೆ ಸಾಲದು. ಅವನು ಪೇಟೆಯಿಂದ ಹಿಂದೆ ಸರಿಯುತ್ತಾನೆ. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾದ್ದರಿಂದ ಬೆಲೆ ಮತ್ತೂ ಇಳಿಯುತ್ತದೆ. ಮತ್ತಷ್ಟು ಒಳ್ಳೆಯವು ಹೊರಹೋಗುತ್ತವೆ. ಹೀಗೆ ಅವಿಶ್ವಾಸದಿಂದ ಪೇಟೆಯೇ ಕೊಳೆಯುತ್ತದೆ. ಎಂತಲೇ ಮುಚ್ಚಿಡುವವನು ಗಿರಾಕಿಯೊಬ್ಬನನ್ನು ಮಾತ್ರವಲ್ಲ, ಸತ್ಯವಂತನಾದ ಇನ್ನೊಬ್ಬ ಮಾರಾಟಗಾರನ ಅನ್ನವನ್ನೂ ಕಸಿಯುತ್ತಾನೆ. ನಮ್ಮ ಹಿರಿಯರು ವಿಶ್ವಾಸವನ್ನು ಸಂಪತ್ತೆಂದು ಕರೆದುದು ಅಲಂಕಾರಕ್ಕಾಗಿ ಅಲ್ಲ.

ಹಾಗೆಂದು ಧರ್ಮದ ಹೊರೆಯೆಲ್ಲ ಮಾರುವವನ ತಲೆಯ ಮೇಲೆಯೇ ಇದೆಯೆಂದು ವಿದ್ಯಾರ್ಥಿಯು ತಿಳಿಯಬಾರದು. ಕೇಳುವುದು ಅವನ ಕರ್ತವ್ಯ. ಅಪಘಾತವಾಗಿದೆಯೇ, ಸಾಲವಿದೆಯೇ, ಏಕೆ ಮಾರುತ್ತೀರಿ ಎಂದು ಬಾಯಿಬಿಟ್ಟು ಕೇಳಿದರೆ ಅನೇಕರು ಸುಳ್ಳು ಹೇಳಲು ಅಳುಕುತ್ತಾರೆ. ಪ್ರಶ್ನೆಯು ಎದುರಿಗಿರುವವನ ಸತ್ಯಕ್ಕೆ ಬಾಗಿಲು ತೆರೆಯುತ್ತದೆ. ಪರಿಚಯದ ಮೆಕ್ಯಾನಿಕ್ಕನನ್ನು ಕರೆದೊಯ್ದು, ಎಂಜಿನ್ನು ತಣ್ಣಗಿರುವಾಗ ಚಾಲು ಮಾಡಿಸಿ, ಹಗಲು ಬೆಳಕಿನಲ್ಲಿ ನೋಡಬೇಕು. ಆರ್.ಸಿ. ಪುಸ್ತಕವನ್ನು ಪರಿಶೀಲಿಸಬೇಕು. ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳಿಗೆ ಮುಗಿದು ನವೀಕರಣಕ್ಕೆ ಬರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆಯು 2014ರ ಜನೆವರಿಯಲ್ಲಿಯೇ ನಿಂತಿರುವುದರಿಂದ, ಅಂಥ ಕಾರನ್ನು ಅಗ್ಗವೆಂದು ಕೊಳ್ಳುವವರು ಈ ಅವಧಿಯನ್ನು ಮೊದಲು ನೋಡಬೇಕು.

ಕೊಳ್ಳುವವನಿಗೂ ಮೋಸದ ಆಮಿಷಗಳಿವೆ. ಇಲ್ಲದ ದೋಷವನ್ನು ಕಲ್ಪಿಸಿ ಬೆಲೆ ಇಳಿಸುವುದು, ಆಸ್ಪತ್ರೆಯ ಬಿಲ್ಲಿಗಾಗಿಯೋ ಮಗಳ ಮದುವೆಗಾಗಿಯೋ ತುರ್ತಾಗಿ ಮಾರುತ್ತಿರುವವನ ಸಂಕಟವನ್ನು ಅರಿತು ಅರ್ಧ ಬೆಲೆಗೆ ಕೇಳುವುದು, ಇವೂ ಸದಾಚಾರವಲ್ಲ. ಖರ್ಚು ಉಳಿಸಲೆಂದು ಹೆಸರು ಬದಲಾಯಿಸದೆ ವಾಹನ ಓಡಿಸುವವರೂ ಇದ್ದಾರೆ. 1988ರ ಮೋಟಾರು ವಾಹನ ಅಧಿನಿಯಮದ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರಿರುವವನೇ ವಾಹನದ ಒಡೆಯನೆಂದೂ, ಅಪಘಾತದ ಪರಿಹಾರದ ಹೊಣೆಯು ಅವನದೆಂದೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಹೆಸರು ಬದಲಾಯಿಸದವನು ತನ್ನ ತಪ್ಪಿನ ಭಾರವನ್ನು ತನಗೆ ಕಾರು ಕೊಟ್ಟವನ ಕೊರಳಿಗೆ ಕಟ್ಟುತ್ತಾನೆ. ಸತ್ಯವನ್ನು ಇತರರಿಂದ ಬೇಡುವವನು ತಾನು ಸಾಲಗಾರನಾಗಿ ಉಳಿಯಬಾರದು.

ಕೊನೆಯದಾಗಿ ಒಂದು ಮಾತು. ಹಳೆಯ ವಾಹನವನ್ನು ಕೊಂಡವನು ಬಹುಶಃ ಒಂದು ದಿನ ಅದನ್ನು ಮಾರುತ್ತಾನೆ. ಓದು ಮುಗಿದು, ನೌಕರಿ ದೊರೆತು, ಆ ಕಾರನ್ನು ಮಾರಲು ನಿಂತಾಗ ಅದರ ಪ್ರತಿಯೊಂದು ದೋಷವನ್ನೂ ಈ ಹುಡುಗನು ಬಲ್ಲವನಾಗಿರುತ್ತಾನೆ. ಎದುರಿಗೆ ಅವನಂತೆಯೇ ಎಣಿಸಿದ ಹಣವನ್ನು ಕಿಸೆಯಲ್ಲಿಟ್ಟುಕೊಂಡ, ಏನು ಕೇಳಬೇಕೆಂಬುದೂ ತಿಳಿಯದ ಇನ್ನೊಬ್ಬ ವಿದ್ಯಾರ್ಥಿ ನಿಂತಿರುತ್ತಾನೆ. ಕೊಳ್ಳುವಾಗ ಸತ್ಯವನ್ನು ಬಯಸುವುದು ಎಲ್ಲರಿಗೂ ಸಹಜ. ಮಾರುವಾಗ ಅದನ್ನು ಕೇಳದೆಯೇ ಕೊಡುವುದು ಸಾಧನೆ. ಆ ಕ್ಷಣದಲ್ಲಿ ಎದುರಿಗಿರುವವನು ಅನ್ಯನಲ್ಲವೆಂದು ತಿಳಿದು, "ತಮ್ಮಾ, ಈ ಬ್ರೇಕು ಸರಿ ಇಲ್ಲ, ಮೊದಲು ಮಾಡಿಸಿಕೋ" ಎಂದು ನುಡಿಯುವ ನಾಲಗೆಯಲ್ಲಿ ಧರ್ಮವು ನೆಲೆಸಿರುತ್ತದೆ. ನಮ್ಮ ಮಕ್ಕಳಿಗೆ ಆ ನಾಲಗೆಯನ್ನು ಶಿವನು ದಯಪಾಲಿಸಲಿ. ಹಿರಿಯರಾದ ನಾವು ಅದಕ್ಕೆ ಮಾದರಿಯಾಗೋಣ. ಸರ್ವರಿಗೂ ಸನ್ಮಂಗಳವಾಗಲಿ.