ಟವರ್ ಯಾರ ಮನೆಯ ಪಕ್ಕ?

ಮೊಬೈಲ್ ನಮಗೆ ಬೇಕು, ಟವರ್ ಮಾತ್ರ ಬೇರೆಯವರ ಕೇರಿಯಲ್ಲಿರಲಿ ಎನ್ನುವುದು ನ್ಯಾಯವಲ್ಲ. ನೆರೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಿ ಟವರ್ ಎಬ್ಬಿಸುವುದೂ ನ್ಯಾಯವಲ್ಲ. ಭಟ್ಕಳ, ಹೊನ್ನಾವರ, ಕುಮಟಾದಂಥ ಕರಾವಳಿಯ ಊರುಗಳು ಈ ಎರಡನ್ನೂ ದಾಟಿ ಯೋಚಿಸಬೇಕು.

ಮೊದಲು ಭಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ರೇಡಿಯೋ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವು’ ಎಂಬ ಪಟ್ಟಿಗೆ ಸೇರಿಸಿತು. ಅದಕ್ಕೆ ಆಧಾರವಾದ ಸೀಮಿತ ಪುರಾವೆ ಬಂದದ್ದು ಮುಖ್ಯವಾಗಿ ಕಿವಿಗೆ ಫೋನ್ ಹಚ್ಚಿ ಮಾತಾಡುವವರ ಅಧ್ಯಯನಗಳಿಂದ. ಟವರಿನ ತರಂಗ ದೂರ ಹೋದಂತೆ ಬೇಗ ಕ್ಷೀಣಿಸುತ್ತದೆ. ಸಿಗ್ನಲ್ ಕಡಿಮೆಯಿರುವಲ್ಲಿ ಕೈಯಲ್ಲಿರುವ ಫೋನೇ ಹೆಚ್ಚು ಶಕ್ತಿಯಿಂದ ತರಂಗ ಹೊರಡಿಸುತ್ತದೆ. ಟವರನ್ನು ಊರಾಚೆ ಅಟ್ಟಿದರೆ ನಮ್ಮ ತಲೆಯ ಬಳಿಯ ತರಂಗ ತಗ್ಗದು, ಏರೀತು. ಭಾರತವು 2012ರ ಸೆಪ್ಟೆಂಬರಿನಲ್ಲಿ ಟವರಿನ ತರಂಗಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲನ್ನು ತನ್ನ ಮಿತಿಯಾಗಿಸಿತು: 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್.

ಮಿತಿ ಕಾಗದದಲ್ಲಿದ್ದರೆ ಸಾಲದು. ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದ ಮೂಲಕ 4,000 ರೂಪಾಯಿ ಕಟ್ಟಿ ತರಂಗದ ಅಳತೆ ಮಾಡಿಸುವ ವ್ಯವಸ್ಥೆ ಬಂತು. ಬಂದರಿನಲ್ಲಿ ಮೀನು ಹೊತ್ತು ಬದುಕುವ ಮನೆಗೆ ಅದು ದೊಡ್ಡ ಮೊತ್ತ. ಪುರಸಭೆ, ಪಂಚಾಯ್ತಿಗಳೇ ಅಳತೆ ಮಾಡಿಸಿ, ಫಲಿತಾಂಶವನ್ನು ಟವರಿನ ಬುಡದಲ್ಲಿ ಕನ್ನಡದಲ್ಲಿ ಬರೆಸಬೇಕು.

ತರಂಗಕ್ಕಿಂತ ನಿಜವಾದ ಕಾಟ ಕಣ್ಣಿಗೆ, ಕಿವಿಗೆ ಸಿಗುವಂಥದು: ಜನರೇಟರಿನ ಸದ್ದು, ಡೀಸೆಲ್ ಹೊಗೆ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣ, ಮಳೆಗಾಲದ ಬಿರುಗಾಳಿ. ಬಾಡಿಗೆ ಸಿಗುವುದು ಜಾಗದ ಮಾಲೀಕನೊಬ್ಬನಿಗೆ, ಸದ್ದು ಕೇರಿಗೆಲ್ಲ. ಆದ್ದರಿಂದ ಕರಾವಳಿಯಲ್ಲಿ ಕಂಬದ ಗಟ್ಟಿತನವನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಬೇಕು, ಜನರೇಟರನ್ನು ಮಲಗುವ ಮನೆಗಳಿಂದ ದೂರವಿಡಬೇಕು, ಒಂದೇ ಟವರನ್ನು ಹಲವು ಕಂಪನಿಗಳು ಹಂಚಿಕೊಳ್ಳುವಂತೆ ಮಾಡಬೇಕು. ಕೆಲವು ನಗರಗಳಲ್ಲಿ ಟವರಿಗೆ ತಾಳೆಮರದ ರೂಪ ಕೊಟ್ಟು ಮರೆಮಾಡುತ್ತಾರೆ. ನೋಟಕ್ಕೆ ಅದು ಹಿತ. ಆದರೆ ನಂಬಿಕೆ ಹುಟ್ಟುವುದು ಮರೆಮಾಡಿದ್ದರಿಂದಲ್ಲ, ತೆರೆದಿಟ್ಟ ಲೆಕ್ಕದಿಂದ.

ಇನ್ನು ಟವರ್ ಇಲ್ಲದ ಕಡೆಯ ಕಷ್ಟ. ಈ ಕರಾವಳಿ ಊರುಗಳಿರುವ ಜಿಲ್ಲೆಯದೇ ಘಟ್ಟದ ಊರುಗಳ ಮಕ್ಕಳು ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದರು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ಸತ್ತರು. ಇಂಥ ನೆಲದಲ್ಲಿ ಒಂದು ಕರೆ ಜೀವ ಉಳಿಸಬಲ್ಲದು. ದೇಶದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದೂ 2022ರಲ್ಲೇ.

ಟವರಿನ ಜಾಗವನ್ನು ಜನರ ಬಾಯಿಯ ಜೋರು ನಿರ್ಧರಿಸಿದರೆ ಅದು ಕೊನೆಗೆ ಬಡವರ ಕೇರಿಗೇ ಬರುತ್ತದೆ. ಅಳತೆ ನಿರ್ಧರಿಸಲಿ, ಸಭೆ ಕೇಳಲಿ, ಬಾಡಿಗೆಯಲ್ಲೊಂದು ಪಾಲು ಕೇರಿಯ ಒಳಿತಿಗೆ ಸಲ್ಲಲಿ. ಉಪಯೋಗ ಎಲ್ಲರದಾದ ಮೇಲೆ ಅದರ ಭಾರವೂ ಎಲ್ಲರದಾಗಬೇಕು.